ಬೆಂಚ್ ಅಂಗಿಯ ಎರಡು ಇಂಚು

ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ಭಾರ ಎತ್ತುವವರ ಕತೆಯನ್ನು ಭಾರ ಎತ್ತಿದವರೇ ಹೇಳಬೇಕು. ನಾನು ಬೆಂಚಿನ ಮೇಲೆ ಮಲಗಿ ಇದುವರೆಗೆ ಎತ್ತಿದ್ದು ನಲವತ್ತೆರಡೂವರೆ ಕೆ.ಜಿ. ಅದೂ ಒಂದೇ ಸಲ. ಆಗ ಉಸ್ತಾದ ಗೋರಖನಾಥರು ರಾಡಿನ ಕೆಳಗೆ ಎರಡು ಬೆರಳು ಹಚ್ಚಿದ್ದರೋ ಇಲ್ಲವೋ ಎಂಬ ಅನುಮಾನ ನನಗೆ ಇನ್ನೂ ಇದೆ. ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದ ಒಂದು ಗೋದಾಮಿನಲ್ಲಿ ಬಂದ ಪೆಟ್ಟಿಗೆ, ಹೋದ ಪೆಟ್ಟಿಗೆ ತಾಳೆ ನೋಡುವುದು ನನ್ನ ಕೆಲಸ. ಬಿ.ಎ. ಮಾಡಿದ್ದು ಸಂಜೆ ಕಾಲೇಜಿನಲ್ಲಿ, ಪಾಳಿ ಮುಗಿಸಿಕೊಂಡು. ಹೀಗಾಗಿ ಎತ್ತುವುದಕ್ಕಿರಲಿ, ಬರೆಯುವುದಕ್ಕೂ ನನಗೆ ಪೂರ್ತಿ ಹಕ್ಕಿಲ್ಲ. ಆದರೆ ಈ ಸಂಗತಿಯನ್ನು ಭಾಲ್ಕಿಯಲ್ಲಿ ಒಂದು ತರಹ, ಔರಾದದಲ್ಲಿ ಇನ್ನೊಂದು ತರಹ ಹೇಳುತ್ತಿದ್ದಾರೆ. ಎರಡರಲ್ಲೂ ನಾನೇ ದಡ್ಡ. ದಡ್ಡತನ ನಿಜವೇ. ಅದು ಎಷ್ಟು ಎಂಬುದಾದರೂ ಸರಿಯಾಗಿ ದಾಖಲಾಗಲಿ.

ಬೀದರಿನದೇ ಚಿದ್ರಿ ಬಡಾವಣೆಯಲ್ಲಿ ನಮ್ಮ ಮನೆಯ ಹಿಂದಿನ ಓಣಿಯಲ್ಲಿ ಉಸ್ತಾದರ ಜಿಮ್ ಇದೆ. ಅಲ್ಲಿ ಪವರ್‌ಲಿಫ್ಟಿಂಗ್ ಕಲಿಸುತ್ತಾರೆ. ಭಾರ ಹೊತ್ತು ಕುಳಿತು ಏಳುವುದು ಸ್ಕ್ವಾಟ್, ಮಲಗಿ ಎದೆಯಿಂದ ಮೇಲಕ್ಕೆ ನೂಕುವುದು ಬೆಂಚ್, ನೆಲದಿಂದ ಎತ್ತಿ ನೆಟ್ಟಗೆ ನಿಲ್ಲುವುದು ಡೆಡ್‌ಲಿಫ್ಟ್. ಮೂರರ ಮೊತ್ತವೇ ಫಲಿತಾಂಶ. ಎತ್ತಲು ಬಾರದ ನನ್ನನ್ನು ಉಸ್ತಾದರು ಹೊರಗೆ ಹಾಕಲಿಲ್ಲ. ಒಂದು ದಿನ ಇಂಗ್ಲಿಷಿನಲ್ಲಿದ್ದ ನಿಯಮ ಪುಸ್ತಕವನ್ನು ನನ್ನ ಕೈಗಿಟ್ಟರು.

"ನೀ ಓದ್ದಾಂವ ಇದ್ದಿ, ಸುಶೀಲಕುಮಾರ. ಎತ್ಸೋದು ನಂದು, ತೊಡ್ಸೋದು ನಿಂದು. ಬೆಲ್ಟು, ಪಟ್ಟಿ, ಸೂಟು, ಸಾಕ್ಸು, ಒಂದೂ ತಪಾಸಣಿ ಟೇಬಲ್ ಮ್ಯಾಲಿಂದ ವಾಪಸ್ ಬರಬಾರದು ನೋಡು."

ನಿಘಂಟು ಇಟ್ಟುಕೊಂಡು ಮೂರು ತಿಂಗಳು ಓದಿದೆ. ಬೆಲ್ಟಿನ ಅಗಲ ಹತ್ತು ಸೆಂಟಿಮೀಟರ್ ಮೀರಬಾರದು. ಮಣಿಕಟ್ಟಿನ ಪಟ್ಟಿ ಒಂದು ಮೀಟರ್, ಮೊಣಕಾಲಿನದು ಎರಡು ಮೀಟರ್. ಅಂದಿನಿಂದ ನನ್ನ ಜೇಬಿನಲ್ಲಿ ಸ್ಟೀಲಿನ ಅಳತೆಪಟ್ಟಿ ಇರುತ್ತದೆ. ಮಾಣಿಕ ಎಂಬ ಹುಡುಗನ ಬೆಲ್ಟು ಎರಡು ಮಿಲಿಮೀಟರ್ ಹೆಚ್ಚಿದೆಯೆಂದು ಉಜ್ಜುಕಾಗದ ಹಿಡಿದು ಒಂದು ಭಾನುವಾರವೆಲ್ಲ ಅದರ ಅಂಚು ತಿಕ್ಕಿದ್ದೇನೆ.

"ಮಾಸ್ತರ, ನನ್ನ ಮೀಸಿನೂ ಅಳದು ಬಿಡ್ರಿ, ಕಾನೂನ ಪ್ರಕಾರ ಅದಾವೋ ಇಲ್ಲೋ," ಎಂದು ಮಾಣಿಕ ಎಲ್ಲರನ್ನೂ ನಗಿಸಿದ. ನನ್ನ ಹೆಂಡತಿ ಆಮ್ರಪಾಲಿ ಸರಕಾರಿ ಶಾಲೆಯಲ್ಲಿ ಶಿಕ್ಷಕಿ. ಅವಳು ಇನ್ನೂ ಮುಂದೆ ಹೋದಳು. "ಹೆಣ್ಣು ನೋಡಾಕ ಬಂದಾಗ ತಲಿ ಎತ್ತಿ ನೋಡಲಿಲ್ಲ ಈ ಮನಷ್ಯಾ. ಈಗ ಊರ ಮಂದಿ ಸೊಂಟಾ ಅಳ್ಯಾಕ ನಿಂತಾರ."

ಸಿದ್ದೇಶ್ವರಿ ನಮ್ಮ ಜಿಮ್ಮಿಗೆ ಬಂದು ಎರಡು ವರ್ಷ. ಔರಾದ ತಾಲೂಕಿನ ಹುಡುಗಿ. ತಂದೆ ಕಾಶೀನಾಥರಿಗೆ ಕುರಿಗಳಿವೆ, ಒಂದಿಷ್ಟು ಒಣಭೂಮಿ ಇದೆ. ಬೀದರಿನ ಹಾಸ್ಟೆಲ್ಲಿನಲ್ಲಿದ್ದು ಡಿಗ್ರಿ ಮುಗಿಸುತ್ತಿದ್ದಳು. ಅವಳಿಗೆ ಬೇಕಾದದ್ದು ಬಿ.ಪಿ.ಎಡ್ ಸೀಟು, ಆಟದ ಮಾಸ್ತರ ಆಗಬೇಕು. ಕ್ರೀಡಾ ಕೋಟಾದಲ್ಲಿ ಸೀಟು ಸಿಗಬೇಕಾದರೆ ರಾಜ್ಯಮಟ್ಟದಲ್ಲಿ ಆಡಿದ ಪ್ರಮಾಣಪತ್ರ ಬೇಕು. ರಾಜ್ಯಕ್ಕೆ ಹೋಗಬೇಕಾದರೆ ಭಾಲ್ಕಿಯ ಜಿಲ್ಲಾ ಆಯ್ಕೆಯಲ್ಲಿ ಅವಳ ತೂಕದ ವರ್ಗಕ್ಕೆ ಮುನ್ನೂರ ಮೂವತ್ತು ಕೆ.ಜಿ. ಮೊತ್ತ ಆಗಬೇಕು. ಸ್ಕ್ವಾಟ್ ನೂರ ಇಪ್ಪತ್ತೈದು, ಡೆಡ್‌ಲಿಫ್ಟ್ ನೂರ ಮೂವತ್ತೈದು, ಇವೆರಡೂ ಅವಳ ಕೈಯಲ್ಲಿದ್ದವು. ಉಳಿದದ್ದು ಎಪ್ಪತ್ತು ಕೆ.ಜಿ. ಬೆಂಚ್. ಬರಿಮೈಯಲ್ಲಿ ಅವಳು ನೂಕಿದ್ದು ಐವತ್ತೇಳೂವರೆ. ಉಳಿದ ಹನ್ನೆರಡೂವರೆ ಬೆಂಚ್ ಅಂಗಿ ಕೊಡಬೇಕಿತ್ತು.

ಬೆಂಚ್ ಅಂಗಿ ನೋಡದವರಿಗೆ ಹೇಳುತ್ತೇನೆ. ಅದು ಜಗ್ಗಿದರೂ ಹಿಗ್ಗದ ದಪ್ಪ ಬಟ್ಟೆಯದು. ತೋಳುಗಳನ್ನು ಮುಂದೆ ಚಾಚಿದಂತೆ ಹೊಲಿದಿರುತ್ತಾರೆ, ಯಾರನ್ನೋ ಅಪ್ಪಿಕೊಳ್ಳಲು ಹೊರಟವರ ಹಾಗೆ. ರಾಡನ್ನು ಎದೆಗೆ ಇಳಿಸುವಾಗ ಬಟ್ಟೆ ಬಿಗಿಯುತ್ತದೆ, ಮೇಲೆತ್ತುವಾಗ ಸ್ಪ್ರಿಂಗಿನಂತೆ ನೂಕುತ್ತದೆ. ಆದರೆ ರಾಡು ಎದೆಗೆ ತಾಗಿ ಒಂದು ಕ್ಷಣ ನಿಲ್ಲಲೇಬೇಕು. ತಾಗದಿದ್ದರೆ ಎಷ್ಟು ಎತ್ತಿದರೂ ಲೆಕ್ಕಕ್ಕಿಲ್ಲ. ಅಂಗಿ ಸಡಿಲಾದರೆ ನೂಕುವುದಿಲ್ಲ; ಅತಿ ಬಿಗಿಯಾದರೆ ರಾಡನ್ನು ಕೆಳಗೆ ಬಿಡುವುದೇ ಇಲ್ಲ.

ಅದಕ್ಕೆ ಎದೆಯ ಸುತ್ತಳತೆ ಬೇಕಿತ್ತು. ನಾನು ಅಳೆಯುವಂತಿರಲಿಲ್ಲ. ಆಮ್ರಪಾಲಿ ಶಿಕ್ಷಕರ ತರಬೇತಿಗೆಂದು ಪರವೂರಿಗೆ ಹೋಗಿದ್ದಳು. ಟೇಪನ್ನು ಸಿದ್ದೇಶ್ವರಿಯ ಕೈಗೆ ಕೊಟ್ಟು, "ಊರಿಗೆ ಹೋದಾಗ ಅವ್ವನ ಕಡಿ ಅಳಿಸ್ಕೊಂಡು ಬಾರವ್ವಾ, ಅಂಗಿ ಬಿಗಿ ಇರಬೇಕಂತ ಹೇಳು," ಎಂದೆ. ಚೀಟಿಯಲ್ಲಿ ಮೂವತ್ತನಾಲ್ಕು ಇಂಚು ಎಂದು ಬರೆದುಕೊಂಡು ಬಂದಳು. ಹಳ್ಳಿಯ ಕಡೆ ಅಳತೆ ಹಿಡಿದರೆ ನಾಲ್ಕು ಬೆರಳು ಸಡಿಲು ಸೇರಿಸಿಯೇ ಹೇಳುತ್ತಾರೆ, ಇದು ನನಗೆ ಗೊತ್ತಿದ್ದ ವಿಷಯ. ಆದ್ದರಿಂದ ಎರಡು ಇಂಚು ಕಳೆದು, ಮೂವತ್ತೆರಡರ ಅಂಗಿ ತರಿಸಿದೆ.

ಮುಂದಿನ ಮಾತು ನನಗೆ ತಿಳಿದದ್ದು ಸ್ಪರ್ಧೆಯ ಮರುದಿನ. ಆದರೆ ಮುಚ್ಚಿಟ್ಟು ಕೊನೆಗೆ ತೆಗೆಯುವ ಜಾಣತನ ನನ್ನಲ್ಲಿಲ್ಲ, ಈಗಲೇ ಹೇಳುತ್ತೇನೆ. ಟೇಪಿನಲ್ಲಿ ಬಂದದ್ದು ಮೂವತ್ತಾರು. ಅಂಗಿ ಬಿಗಿ ಇರಬೇಕಂತೆ ಎಂದು ಅವ್ವ ಒಂದು ಇಂಚು ಕಳೆದು ಹೇಳಿದಳು. ಅವ್ವ ಸಡಿಲು ಸೇರಿಸಿರುತ್ತಾಳೆಂದು ಮಗಳು ಇನ್ನೊಂದು ಕಳೆದು ಬರೆದಳು. ಇಬ್ಬರೂ ಸೇರಿಸಿರುತ್ತಾರೆಂದು ನಾನು ಎರಡು ಕಳೆದೆ. ಹೀಗೆ ಮೂವರು ಪ್ರಾಮಾಣಿಕರು ಸೇರಿ ಒಂದು ಹುಡುಗಿಯ ಮೈಯನ್ನು ನಾಲ್ಕು ಇಂಚು ಕಡಿಮೆ ಮಾಡಿದೆವು.

ಅಂಗಿ ಬಂತು. ತೊಡಿಸಲು ಆಮ್ರಪಾಲಿಗೆ ಅರ್ಧ ಗಂಟೆ ಬೇಕಾಯಿತು. ತೋಳಿಗೆ ಪ್ಲಾಸ್ಟಿಕ್ ಚೀಲ ಸುತ್ತಿ, ಮೈಗೆ ಪೌಡರ್ ಸುರಿದು, ಬೆನ್ನಿಗೆ ಮೊಣಕಾಲು ಕೊಟ್ಟು ಎಳೆದಳು. ಕೋಣೆಯಿಂದ ಬಂದ ಮಾತುಗಳನ್ನು ಬಾಗಿಲ ಹೊರಗೆ ನಿಂತು ಕೇಳಿದೆ.

"ಉಸರ ಹೊರಗ ಬಿಡ. ಇನ್ನಾ ಬಿಡ."

"ಇನ್ನ ಬಿಟ್ರ ಜೀವಾನೇ ಹೋಗ್ತದ್ರಿ ಅಕ್ಕಾ."

"ಹೋದ್ರ ಹೋಗವಲ್ದ್ಯಾಕ, ಜಾಗಾ ಆಗ್ತದ."

ಹೊರಗೆ ಬಂದಾಗ ಸಿದ್ದೇಶ್ವರಿಯ ಎರಡೂ ಕೈ ಮುಂದೆ ಚಾಚಿ ನಿಂತಿದ್ದವು, ಕೆಳಗಿಳಿಯುತ್ತಿರಲಿಲ್ಲ. ಮೂಗು ತುರಿಸಿದಾಗ ಆಮ್ರಪಾಲಿಯೇ ಕೆರೆದಳು. ಎಪ್ಪತ್ತು ಕೆ.ಜಿ. ಹಾಕಿ ಮಲಗಿಸಿದೆವು. ರಾಡು ಎದೆಯಿಂದ ನಾಲ್ಕು ಬೆರಳು ಮೇಲೆ ಬಂದು ನಿಂತಿತು. ಉಸ್ತಾದರು ಮೇಲಿನಿಂದ ಒತ್ತಿದರೂ ಇಳಿಯಲಿಲ್ಲ. ಒಂದು ತಿಂಗಳಲ್ಲಿ ಹನ್ನೊಂದು ಸಲ ಪ್ರಯತ್ನಿಸಿದಳು. ತಾಗಿದ್ದು ಎರಡು ಸಲ. ನಾನು ಬರೆದಿಟ್ಟಿದ್ದೇನೆ. "ತೊಡಕೋತ ತೊಡಕೋತ ಸಡಲ ಆಗ್ತದ," ಎಂದು ನಾನು ಎಲ್ಲರಿಗೂ ಹೇಳಿದೆ. ನನಗೇ ನಂಬಿಕೆ ಇರಲಿಲ್ಲ. ಬದಲಾಯಿಸಿ ತರಿಸಲು ದಿನಗಳೂ ಇರಲಿಲ್ಲ.

ಸ್ಪರ್ಧೆಯ ಹಿಂದಿನ ದಿನ ಮಧ್ಯಾಹ್ನ ಉಸ್ತಾದರು, ಸಿದ್ದೇಶ್ವರಿ, ಆಮ್ರಪಾಲಿ, ನಾನು, ನಾಲ್ವರೂ ಬಸ್ಸಿನಲ್ಲಿ ಭಾಲ್ಕಿಗೆ ಹೋದೆವು. ಇಳಿದುಕೊಂಡದ್ದು ಸಿದ್ದೇಶ್ವರಿಯ ಸೋದರತ್ತೆ ಕಾಂತಾಬಾಯಿಯ ಮನೆಯಲ್ಲಿ. ಮನೆಯ ಮುಂಭಾಗವೇ ಅತ್ತೆಯ ಹೊಲಿಗೆ ಅಂಗಡಿ. ಭಾಲ್ಕಿಯಲ್ಲಿ ಕುಪ್ಪಸ ಎಂದರೆ ಕಾಂತಾಬಾಯಿ. ಮದುಮಗಳಿಗೆ ಹೊಲಿದ ಕುಪ್ಪಸ ಎರಡು ಮಕ್ಕಳಾದ ಮೇಲೂ ಆಗುವಂತೆ ಒಳಗೆ ಬಟ್ಟೆ ಬಿಟ್ಟು ಹೊಲಿಯುವುದು ಅವರ ಹೆಗ್ಗಳಿಕೆ.

ಸಿದ್ದೇಶ್ವರಿಯ ಕಂಕುಳ ಬಳಿ ಕೆಂಪು ಬರೆಗಳನ್ನು ನೋಡಿದ್ದೇ ಅತ್ತೆಯ ಕಣ್ಣು ದೊಡ್ಡವಾದವು. "ಯಾರ ಹೊಡದಾರ?"

"ಯಾರೂ ಇಲ್ಲತ್ತೀ, ಅಂಗಿ ಹೊಡದದ."

ಅಂಗಿ ತರಿಸಿ ನೋಡಿದರು. ಒಳಗೆ ಹೊರಗೆ ತಿರುವಿದರು. ಹೊಲಿಗೆಯನ್ನು ಉಗುರಿನಿಂದ ಕೆರೆದರು. "ಇದನ್ನ ಹೊಲದಾವನ ಕೈ ಒಂದ ಸಲ ಮಷಿನ್ದಾಗ ಇಡಬೇಕು. ತೋಳು ಮುಂದ್ಯಾಕ ಹೋಗ್ಯಾವ? ಎದಿ ಎಲ್ಲಿ ಹೋಗಬೇಕು? ಯಾರು ತರ್ಸ್ಯಾರ ಇದು?"

ಎಲ್ಲರೂ ನನ್ನ ಕಡೆ ನೋಡಿದರು. ನಾನು ನಿಯಮ ಪುಸ್ತಕದ ಪ್ರಕಾರ ಅಂಗಿಯ ಉದ್ದೇಶ, ಬಟ್ಟೆಯ ಗುಣ, ರಾಡು ತಾಗುವ ಕ್ರಮ ಎಲ್ಲವನ್ನೂ ವಿವರಿಸಿದೆ. ಅತ್ತೆ ಕೇಳಿಸಿಕೊಂಡರು. ನಡುವೆ ಒಂದೇ ಪ್ರಶ್ನೆ ಕೇಳಿದರು, "ತಾಗ್ಲಿಲ್ಲಂದ್ರ?" "ಲೆಕ್ಕಕ್ಕಿಲ್ರಿ," ಎಂದೆ. ಅವರು ಹೂಂ ಎಂದು ಎದ್ದು ಹೋಗಿ ಪುಂಡಿಪಲ್ಯ ಬಡಿಸಿದರು. ಬೆಳಿಗ್ಗೆ ಅಂಗಿಯನ್ನು ಇಸ್ತ್ರಿ ಮಾಡಿ, ಮಡಚಿ, ಚೀಲದಲ್ಲಿ ಹಾಕಿ ಕೊಟ್ಟರು. ಬೆಂಚ್ ಅಂಗಿಗೆ ಇಸ್ತ್ರಿ ಮಾಡಿದವರು ಪ್ರಪಂಚದಲ್ಲಿ ಇವರೊಬ್ಬರೇ ಇರಬಹುದೆಂದು ನಾನು ನಕ್ಕೆ.

ಸ್ಪರ್ಧೆ ಒಂದು ಕಲ್ಯಾಣಮಂಟಪದಲ್ಲಿತ್ತು. ಊಟದ ಹಾಲಿನಲ್ಲಿ ಸಾಮಾನು ತಪಾಸಣೆ. ಮೇಜಿನ ಹಿಂದೆ ಕುಳಿತಿದ್ದವರು ಮುಜೀಬೋದ್ದೀನ ಸಾಹೇಬರು, ಹಳೆಯ ಲಿಫ್ಟರ್, ಈಗ ರೆಫರಿ. ಮುಂದೆ ಸ್ಕೇಲು, ನೀಲಿ ಶಾಯಿಯ ಮುದ್ರೆ. ನನ್ನ ಮುಂದೆ ಆರು ಮಂದಿ ಇದ್ದರು. ಕೊನೆಯ ಸಲ ನೋಡಿಬಿಡೋಣ ಎಂದು ಅಂಗಿಯನ್ನು ಒಳಹೊರಗು ಮಾಡಿದೆ. ಕಪ್ಪು ಅಂಗಿಯ ಎರಡೂ ಪಕ್ಕಕ್ಕೆ ಉದ್ದಕ್ಕೂ ಗುಲಾಬಿ ಬಣ್ಣದ ದಾರ.

ಸಾಲಿನಲ್ಲಿ ನಿಂತೇ ಫೋನ್ ಹಚ್ಚಿದೆ. "ಅತ್ತೀ, ಏನ ಮಾಡೀರಿ ಅಂಗಿಗೆ?"

"ಎರಡು ಇಂಚ ಬಿಟ್ಟೀನಿ. ಒಳಗ ಭಾಳ ಬಟ್ಟಿ ಮಡಚಿದ್ರು, ಖಾಲಿಪೀಲಿ, ಸುಮ್ಮಸುಮ್ಮನ. ಕರೀ ದಾರ ಮುಗದಿತ್ತು, ಒಳಗ ಯಾರ ನೋಡ್ತಾರ ಅಂತ ಗುಲಾಬಿ ಹಾಕೀನಿ. ಛಂದ ಕುಂತದ?"

"ಅತ್ತೀ, ಅದು ಬಿಗಿ ಇರಬೇಕ್ರೀ! ಹುಡಗಿ ಸೀಟು ಹೋಗ್ತದ್ರೀ!"

"ಹಂಗಂದ್ರ ಬರ್ತೇನಿ ತಡೀರಿ. ಸೂಜಿ ತರ್ತೇನಿ. ಕೈಹೊಲಿಗಿ ಹತ್ತು ಮಿನಿಟಿನ ಕೆಲಸ."

ಈಗ ನಾನು ಮಾಡಬೇಕಾಗಿದ್ದುದು ಸುಲಭ. ಸಾಲಿನಿಂದ ಹೊರಬಂದು ಕೊನೆಗೆ ಹೋಗಿ ನಿಲ್ಲಬೇಕಿತ್ತು. ಆಮ್ರಪಾಲಿ ಅದನ್ನೇ ಈಗಲೂ ಹೇಳುತ್ತಾಳೆ, ಮೂರನೇ ತರಗತಿಯ ಮಕ್ಕಳಿಗೂ ಅಷ್ಟು ಹೊಳೆಯುತ್ತದೆ ಎಂದು. ಆದರೆ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ ಓಡುತ್ತಿತ್ತು: ಹೊಲಿಗೆ ಬಿಚ್ಚಿದ ಅಂಗಿ ನಿಯಮಕ್ಕೆ ಒಪ್ಪುತ್ತದೆಯೋ ಇಲ್ಲವೋ? ಒಪ್ಪದಿದ್ದರೆ, ನಾವು ಹೇಳದೆ ತೊಡಿಸಿ ಹುಡುಗಿ ಗೆದ್ದರೆ, ಆಮೇಲೆ ಯಾರಾದರೂ ಗುಲಾಬಿ ದಾರ ನೋಡಿದರೆ? ಹೀಗೆ ಯೋಚಿಸುತ್ತಿರುವಾಗಲೇ ನನ್ನ ಸರದಿ ಬಂತು. ಬಾಯಿ ತಾನೇ ತೆರೆಯಿತು.

"ಸಾಹೇಬ್ರ, ಈ ಅಂಗಿ ಹೊಲಿಗಿ ಬದಲಾಗ್ಯಾದ್ರಿ. ಕೇಳದ್ಕಿಂತ ಮೊದಲೇ ಹೇಳ್ತೇನಿ."

ಅವರು ಕನ್ನಡಕ ಮೇಲೇರಿಸಿದರು. "ಬಿಗಿ ಮಾಡೀರೇನು?"

"ಇಲ್ರಿ. ಸಡಲ ಮಾಡ್ಯಾರ್ರಿ."

"ಏನಂದಿ?"

"ಎರಡು ಇಂಚ ಸಡಲ. ಅವರತ್ತಿ ಮಾಡ್ಯಾರ್ರಿ."

ಮುಜೀಬೋದ್ದೀನ ಸಾಹೇಬರು ಪಕ್ಕದವರಿಗೆ ಅಂಗಿ ತೋರಿಸಿದರು. ಪಕ್ಕದವರು ತಮ್ಮ ಪಕ್ಕದವರಿಗೆ. "ಅರೆ ಭಾಯಿ, ಇಪ್ಪತ್ತೆರಡು ವರ್ಷ ಈ ಟೇಬಲ್ ಮ್ಯಾಲ ಕುಂತೀನಿ. ಕದ್ದು ಬಿಗಿ ಮಾಡ್ದೋರನ್ನ ಹಿಡದೀನಿ, ಡಬಲ್ ಹೊಲಿಗಿ ಹಿಡದೀನಿ, ಒಳಗ ಇನ್ನೊಂದು ಅಂಗಿ ತೊಟ್ಟಾವನ್ನ ಹಿಡದೀನಿ. ಸಡಲ ಮಾಡ್ಕೊಂಡು ತಪ್ಪೊಪ್ಕೊಳ್ಳಾವನ್ನ ಇವತ್ತೇ ನೋಡಿದ್ದು. ಇದಕ್ಕ ರೂಲೇ ಇಲ್ಲ." ಧಡ್ ಎಂದು ನೀಲಿ ಮುದ್ರೆ ಒತ್ತಿದರು. "ಪಾಸ್. ಆದ್ರ ಕೇಳು, ಇನ್ನ ಇದಕ್ಕ ಸೂಜಿ ತಾಗಿತು, ಹುಡಗಿ ಹೊರಗ."

ಅಂಗಿ ಹಿಡಿದು ತಿರುಗಿದೆ. ಬಾಗಿಲಲ್ಲಿ ಕಾಂತಾಬಾಯಿ ಅತ್ತೆ ಏದುಸಿರು ಬಿಡುತ್ತ ನಿಂತಿದ್ದರು. ಸೆರಗಿಗೆ ಚುಚ್ಚಿದ ಸೂಜಿಯಲ್ಲಿ ದಾರ ಪೋಣಿಸಿಯೇ ಇತ್ತು. ಈ ಸಲ ಕರಿಯ ದಾರ.

ಸ್ಕ್ವಾಟ್ ಮುಗಿಯುವವರೆಗೆ ಸಿದ್ದೇಶ್ವರಿಗೆ ಹೇಳಬಾರದೆಂದು ಆಮ್ರಪಾಲಿ ತೀರ್ಮಾನಿಸಿದಳು. ನನ್ನ ಮುಖ ನೋಡಿದರೆ ಗೊತ್ತಾಗಿಬಿಡುತ್ತದೆಂದು ನನ್ನನ್ನು ಕುರ್ಚಿಗಳ ಹಿಂದೆ ಕೂರಿಸಿದಳು. ನೂರ ಇಪ್ಪತ್ತೈದು ಬಂತು. ನಂತರ ಅವಳನ್ನು ಬೆಂಚ್ ಅಂಗಿ ತೊಡಿಸಲು ಒಳಗೆ ಕರೆದೊಯ್ದರು. ಎರಡೇ ನಿಮಿಷದಲ್ಲಿ ಸಿದ್ದೇಶ್ವರಿ ಹೊರಗೆ ಬಂದು ನಿಂತಳು, ಕೈಗಳನ್ನು ಅರ್ಧದವರೆಗೆ ಇಳಿಬಿಟ್ಟುಕೊಂಡು. ಮೂಗನ್ನು ತಾನೇ ತುರಿಸಿಕೊಂಡಳು.

"ಯಾರ ಕೆಲಸ ಇದು?"

ಉಸ್ತಾದರು ಅತ್ತೆಯ ಕಡೆ ನೋಡಿದರು. ಅತ್ತೆ ನನ್ನ ಕಡೆ ನೋಡಿದರು. ನಾನು ಎಲ್ಲವನ್ನೂ ಕ್ರಮವಾಗಿ ಹೇಳಿದೆ, ಸಾಲಿನಲ್ಲಿ ಎಷ್ಟನೆಯವನಿದ್ದೆ ಎಂಬುದನ್ನೂ ಬಿಡದೆ. ಅವಳ ಕಣ್ಣಲ್ಲಿ ನೀರು ತುಂಬಿತು, ಆದರೆ ಬಾಯಿಂದ ಬಂದದ್ದು ಬೇರೆ.

"ಅತ್ತಿ ಬಿಚ್ಚಿದ್ದು ಒಂದು ಕಡಿ ಇರ್ಲಿ. ಸುಶೀಲಣ್ಣಾ, ಸೀಲ್ ಹಾಕಿಸ್ಕೊಂಡು ಬಂದ್ರಿ ನೋಡ್ರಿ, ಅದನ್ನ ನಾ ಸಾಯೋತನಾ ಮರಿಯಾಂಗಿಲ್ಲ."

"ನಾನೂ ಮರಿಯಾಂಗಿಲ್ಲವ್ವಾ," ಎಂದೆ. ಅದು ನಿಜ.

ಇದ್ದ ಮೂರು ಪ್ರಯತ್ನಗಳಲ್ಲಿ ಮೊದಲನೆಯದನ್ನು ಉಸ್ತಾದರು ಅರವತ್ತಕ್ಕೆ ಇಳಿಸೋಣ ಎಂದರು. ಅವಳು ಒಪ್ಪಲಿಲ್ಲ. "ಅರವತ್ತು ಎತ್ತಿ ಮನಿಗಿ ಹೋಗಾಕ ಔರಾದದಿಂದ ಬಂದೀನೇನ್ರಿ? ಅರವತ್ತೈದೇ ಇರ್ಲಿ."

ಅರವತ್ತೈದಕ್ಕೆ ಮಲಗಿದಳು. ಒಂದು ತಿಂಗಳು ರಾಡನ್ನು ಬಲವಂತವಾಗಿ ಕೆಳಗೆ ಎಳೆದು ಎಳೆದು ರೂಢಿಯಾದ ಕೈಗಳು ಇಲ್ಲಿಯೂ ಎಳೆದವು. ತಡೆಯುವ ಬಟ್ಟೆ ಇರಲಿಲ್ಲ. ರಾಡು ದಬಕ್ಕನೆ ಎದೆಗೆ ಬಂತು. ತಾಗಿದ್ದಕ್ಕೇ ಗಾಬರಿಯಾಗಿ, ರೆಫರಿ 'ಪ್ರೆಸ್' ಎನ್ನುವ ಮೊದಲೇ ನೂಕಿಬಿಟ್ಟಳು. ಮೂವರು ರೆಫರಿಗಳದೂ ಕೆಂಪು ದೀಪ, ಲೆಕ್ಕಕ್ಕಿಲ್ಲ.

ಅವಳ ನಂತರ ಭಾಲ್ಕಿಯ ಹಾವಗೆಪ್ಪ ಮಾಸ್ತರರ ಜಿಮ್ಮಿನ ಹುಡುಗಿ ಬಂದಳು, ಹೊಸ ಅಂಗಿ ತೊಟ್ಟು. ತೊಡಿಸಲು ನಾಲ್ವರು ಬೇಕಾದರೆಂದು ಹಾವಗೆಪ್ಪ ಬೆಳಿಗ್ಗೆಯಿಂದ ಜಂಬ ಹೊಡೆಯುತ್ತಿದ್ದರು. ಅವಳ ರಾಡು ಎದೆಯ ಮೇಲೆ ಮೂರು ಬೆರಳು ಬಂದು ಗಾಳಿಯಲ್ಲಿ ನಿಂತಿತು. "ಎಳಿ, ಎಳಿ!" ಎಂದು ಹಾವಗೆಪ್ಪ ಕೂಗಿದರು. ಹುಡುಗಿಯ ಮುಖ ಬದನೆಕಾಯಿಯ ಬಣ್ಣಕ್ಕೆ ತಿರುಗಿತು, ರಾಡು ಮಾತ್ರ ಅಲ್ಲಿಯೇ. ಮುಂದಿನ ಎರಡು ಸಲವೂ ಹಾಗೆಯೇ. ಮೂರನೆಯ ಸಲ ಕುರ್ಚಿಗಳ ನಡುವಿನಿಂದ ಕಾಂತಾಬಾಯಿ ಅತ್ತೆ ಎಲ್ಲರಿಗೂ ಕೇಳುವಂತೆ ಅಂದರು, "ಆ ಹುಡಗೀನ್ನ ನಿನ್ನಿ ನನ್ನ ಕಡಿ ಕಳಸಿದ್ರ ಆಗ್ತಿರ್ಲಿಲ್ಲೇನ್ರಿ ಮಾಸ್ತರ?"

ಎರಡನೆಯ ಪ್ರಯತ್ನಕ್ಕೆ ಸಿದ್ದೇಶ್ವರಿ ಅರವತ್ತೈದನ್ನೇ ಕೇಳಿದಳು. ಈ ಸಲ ನಿಧಾನ ಇಳಿಸಿದಳು, ನಿಲ್ಲಿಸಿದಳು, ಕಾದಳು, ನೂಕಿದಳು. ಮೂರು ಬಿಳಿ ದೀಪ. ಆದರೆ ಅರವತ್ತೈದು ಅವಳಿಗೆ ಸಾಲದು. ಎಪ್ಪತ್ತೇ ಬೇಕು, ಉಳಿದದ್ದು ಒಂದೇ ಪ್ರಯತ್ನ.

ಎಪ್ಪತ್ತು ಹಾಕಿದರು. ನಾನು ನೋಡಲಾರದೆ ಸ್ಟೀಲಿನ ಪಟ್ಟಿ ಹಿಡಿದು ಕುರ್ಚಿಯ ಅಂಚು ಅಳೆಯುತ್ತಿದ್ದೆ ಎಂದು ಆಮ್ರಪಾಲಿ ಹೇಳುತ್ತಾಳೆ. ಅದು ಸುಳ್ಳು. ನಾನು ನೋಡಿದೆ. ರಾಡು ಇಳಿಯಿತು. ತಾಗಿತು. ನಿಂತಿತು. 'ಪ್ರೆಸ್' ಎಂದರು. ಎದೆಯಿಂದ ಒಂದು ಗೇಣು ಸರಸರ ಎದ್ದಿತು, ಆಮೇಲೆ ನಿಂತೇ ಹೋಯಿತೇನೋ ಅನ್ನಿಸಿತು. ರಾಡಿನ ಎಡಗಡೆ ಕೊಂಚ ಹಿಂದೆ ಉಳಿಯಿತು. ಇಡೀ ಮಂಟಪದಲ್ಲಿ ಒಬ್ಬರೇ ಕೂಗುತ್ತಿದ್ದರು. "ನೂಕವ್ವಾ! ನನ್ನ ಮರ್ಯಾದಿ ಅದ ಆ ಹೊಲಿಗ್ಯಾಗ!"

ರಾಡು ಹೋಯಿತು. ಮೇಲಿನವರೆಗೂ ಹೋಯಿತು. ಎರಡು ಬಿಳಿ, ಒಂದು ಕೆಂಪು. ಎರಡು ಸಾಕು.

ಡೆಡ್‌ಲಿಫ್ಟಿನಲ್ಲಿ ನೂರ ಮೂವತ್ತೈದನ್ನು ಎರಡನೆಯ ಸಲಕ್ಕೇ ಎತ್ತಿದಳು, ಹೊಲದಿಂದ ಮರಿ ಎತ್ತಿಕೊಂಡು ಬಂದಷ್ಟು ಸಲೀಸಾಗಿ. ಮೊತ್ತ ಮುನ್ನೂರ ಮೂವತ್ತು, ಒಂದು ಕೆ.ಜಿ. ಹೆಚ್ಚಿಲ್ಲ, ಕಡಿಮೆಯಿಲ್ಲ. ಮುಜೀಬೋದ್ದೀನ ಸಾಹೇಬರು ಹೆಸರು ಬರೆದುಕೊಳ್ಳುತ್ತ ನನ್ನ ಕಡೆ ನೋಡಿ, "ಇನ್ನೇನಾದ್ರೂ ಒಪ್ಕೊಳ್ಳೋದು ಅದ ಏನ್ ಮಾಸ್ತರ್?" ಎಂದರು.

ರಾಜ್ಯಮಟ್ಟಕ್ಕೆ ಹೋಗಿ ಬಂದಳು. ಅಲ್ಲಿ ಒಂಬತ್ತನೆಯ ಸ್ಥಾನ; ಪ್ರಮಾಣಪತ್ರಕ್ಕೆ ಅಷ್ಟು ಸಾಕಾಗಿತ್ತು. ಈಗ ಬಿ.ಪಿ.ಎಡ್ ಮೊದಲ ವರ್ಷದಲ್ಲಿದ್ದಾಳೆ. ಹಾವಗೆಪ್ಪ ಮಾಸ್ತರರು ಒಂದು ಸಂಜೆ ತಮ್ಮ ಅಂಗಿಗಳ ಗಂಟು ಹೊತ್ತು ಕಾಂತಾಬಾಯಿ ಅತ್ತೆಯ ಅಂಗಡಿಗೆ ಹೋಗಿದ್ದರೆಂದು ಸುದ್ದಿ. ಅತ್ತೆ ಅವರನ್ನು ಒಂದು ಗಂಟೆ ಸ್ಟೂಲಿನ ಮೇಲೆ ಕೂರಿಸಿದರಂತೆ.

ಒಂದು ಪ್ರಶ್ನೆಯನ್ನು ನಾನು ಅತ್ತೆಗೆ ಮೂರು ಸಲ ಕೇಳಿದ್ದೇನೆ: "ಅಂಗಿ ತಾಗಲಾರದಷ್ಟು ಬಿಗಿ ಅದ ಅಂತ ನಿಮಗ ತಿಳದಿತ್ತೇನ್ರಿ? ತಿಳಕೊಂಡೇ ಸಡಲ ಬಿಟ್ರೇನು?" ಮೊದಲ ಸಲ, "ತಿಳೀದೇ ಬಿಡ್ತೇನೇನು? ನಲವತ್ತು ವರ್ಷ ಎದಿ ಅಳದೀನಿ," ಎಂದರು. ಎರಡನೆಯ ಸಲ, "ನನಗೇನ ಗೊತ್ತಪ್ಪಾ ನಿಮ್ಮ ರಾಡು ಗೀಡು, ಎಲ್ಲಾ ಕುಪ್ಪಸಕ್ಕೂ ಎರಡು ಇಂಚ ಬಿಡ್ತೇನಿ," ಎಂದರು. ಮೂರನೆಯ ಸಲ, "ನೀ ಯಾಕ ಎರಡು ಇಂಚ ಕಳದಿದ್ದಿ, ಅದನ್ನ ಮೊದಲ ಹೇಳು," ಎಂದರು. ಅವರು ತಿಳಿದು ಮಾಡಿದರೋ ರೂಢಿಯಿಂದ ಮಾಡಿದರೋ ನನಗೆ ಗೊತ್ತಿಲ್ಲ. ಆ ಎಪ್ಪತ್ತು ಕೆ.ಜಿ.ಯಲ್ಲಿ ಅಂಗಿಯದೆಷ್ಟು, ಹುಡುಗಿಯದೆಷ್ಟು ಎಂಬುದೂ ಗೊತ್ತಿಲ್ಲ.